ಏಳನೇ ತಿಂಗಳಿಂದ ಹೆರಿಗೆಯ ದಿನದವರೆಗೆ: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಕನ್ನಡ ಮನೆಯಲ್ಲಿ ಕೇಳಿದರೂ ಹೆರಿಗೆಯ ತಯಾರಿ ಅಂದರೆ ಮೊದಲು ನೆನಪಾಗುವುದು ತೊಟ್ಟಿಲು, ಕುಲಾವಿ, ಬಾಣಂತಿ ಲೇಹ್ಯ. ಅವು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅವನ್ನು ಹೆರಿಗೆಯ ಮರುದಿನವೂ ತರಿಸಬಹುದು. ರಾತ್ರಿ ಎರಡು ಗಂಟೆಗೆ ನೋವು ಶುರುವಾದಾಗ ಯಾವ ಆಸ್ಪತ್ರೆ, ಯಾವ ದಾರಿ, ಯಾರ ಗಾಡಿ ಎಂದು ಕೂತು ಮಾತಾಡಲಿಕ್ಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ದಾರಿ, ಕಾಗದ, ರಕ್ತ ಈ ಮೂರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ನಿಮ್ಮನ್ನು ನೋಡುವ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ನಿಮ್ಮ ಹೊಟ್ಟೆ ಮುಟ್ಟಿ ನೋಡಿದವರು ಅವರು.

ತಯಾರಿ ಯಾವಾಗ ಶುರು ಮಾಡಬೇಕು?

28 ವಾರ ತುಂಬಿದಾಗ ಆಸ್ಪತ್ರೆ ನಿಶ್ಚಯ ಮಾಡಿ. 34ನೇ ವಾರಕ್ಕೆ ಚೀಲ ಕಟ್ಟಿ. 36ನೇ ವಾರಕ್ಕೆ ಎಲ್ಲವೂ ಮುಗಿದಿರಲಿ. ಡಾಕ್ಟರು ಬರೆದುಕೊಟ್ಟ ತಾರೀಕು 40 ವಾರದ ಲೆಕ್ಕ. ಅದೇ ದಿನ ಹೆರುವವರು ಕಡಿಮೆ, 37 ವಾರ ದಾಟಿದ ಮೇಲೆ ಯಾವ ದಿನ ನೋವು ಬಂದರೂ ಅದು ಸಕಾಲವೇ. ಅವಳಿ ಇದ್ದರೆ, ಬಿಪಿ ಅಥವಾ ಸಕ್ಕರೆ ಏರಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ ಈ ಎಲ್ಲ ದಿನಗಳನ್ನೂ ಎರಡರಿಂದ ನಾಲ್ಕು ವಾರ ಹಿಂದಕ್ಕೆ ಎಳೆದುಕೊಳ್ಳಿ.

ಮಗು ಹುಟ್ಟುವ ಮೊದಲು ಅದರ ಹೆಸರಲ್ಲಿ ಏನೂ ತರಬಾರದು ಅಂತ ಮನೆಯಲ್ಲಿ ಹೇಳ್ತಾರೆ. ಎಂತ ಮಾಡುವುದು?

ಆ ಮಾತನ್ನು ಮೀರಬೇಕಾಗಿಲ್ಲ. ಮೊದಲ ವಾರಕ್ಕೆ ಹೊಸ ಬಟ್ಟೆಗಿಂತ ಮನೆಯ ಹಳೆ ಹತ್ತಿಯ ಪಂಚೆಯೇ ಮೇಲು, ತೊಳೆದು ತೊಳೆದು ಮೆತ್ತಗಾಗಿರುತ್ತದೆ. ಅದನ್ನು ಹರಿದು ಒಗೆದಿಡುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ.

ಮಂಗಳೂರಿಗೆ ಹೋಗುವುದೋ, ಇಲ್ಲೇ ಕಾಸರಗೋಡಿನಲ್ಲಿ ಸಾಕೋ?

ಹೆರಿಗೆ ತೊಡಕಿಲ್ಲದೆ ಸಾಗುವ ಲಕ್ಷಣ ಇದ್ದರೆ ಹತ್ತಿರದ್ದೇ ಒಳ್ಳೆಯದು. ಆದರೆ ಹತ್ತಿರದ್ದು ಎಂದರೆ ಹೆರಿಗೆ ಮಾಡಿಸುವ ಆಸ್ಪತ್ರೆ. ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತಪಾಸಣೆ, ಮಾತ್ರೆ, ಚುಚ್ಚುಮದ್ದು ಸಿಗುತ್ತದೆ. ಹೆರಿಗೆಗೆ ಕಾಸರಗೋಡಿನ ಜನರಲ್ ಆಸ್ಪತ್ರೆಯಂತಹ ದೊಡ್ಡ ಕಡೆಗೇ ಹೋಗಬೇಕಾಗುತ್ತದೆ. ಆಸ್ಪತ್ರೆಗೆ ಹೋಗಿ ನೇರವಾಗಿ ನಾಲ್ಕು ಪ್ರಶ್ನೆ ಕೇಳಿ: ರಾತ್ರಿಯೂ ಸಿಸೇರಿಯನ್ ಆಗುತ್ತದಾ? ಅರಿವಳಿಕೆ ಡಾಕ್ಟರು ರಾತ್ರಿ ಇರುತ್ತಾರಾ, ಕರೆಸಬೇಕಾ? ರಕ್ತ ಒಳಗೇ ಸಿಗುತ್ತದಾ? ತೂಕ ಕಡಿಮೆಯ ಮಗುವನ್ನು ಇಟ್ಟುಕೊಳ್ಳುವ ಘಟಕ ಇದೆಯಾ?

34 ವಾರಕ್ಕೆ ಮೊದಲೇ ಹೆರಿಗೆಯಾಗುವ ಅಂದಾಜು ಇದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಹೃದಯದ ಕಾಯಿಲೆ ಇದ್ದರೆ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಮಂಗಳೂರಿನ ಲೇಡಿಗೋಷನ್ ಹೆಂಗಸರ ಸರ್ಕಾರಿ ಆಸ್ಪತ್ರೆ, ಗಡಿಯ ಈಚೆಯವರೂ ತಲೆತಲಾಂತರದಿಂದ ಹೋಗುವ ಜಾಗ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಪೆರ್ಲ ಕಡೆಯವರಿಗೆ ಪುತ್ತೂರು, ಮುಳ್ಳೇರಿಯ ಆದೂರು ಕಡೆಯವರಿಗೆ ಜಾಲ್ಸೂರು ದಾರಿಯಾಗಿ ಸುಳ್ಯ ಅನುಕೂಲವಾಗಬಹುದು.

ಗಡಿ ದಾಟುವ ಯೋಚನೆ ಇರುವ ಪ್ರತಿ ಮನೆಯೂ ಈಚೆ ಬದಿಯಲ್ಲಿ ಇನ್ನೊಂದು ಆಸ್ಪತ್ರೆಯನ್ನು ಗೊತ್ತು ಮಾಡಿಟ್ಟಿರಲೇಬೇಕು, ಒಮ್ಮೆಯಾದರೂ ಅಲ್ಲಿ ತೋರಿಸಿ ಚೀಟಿ ಮಾಡಿಸಿರಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿ ಕಾಣದೆ ನಿಂತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟು ದೊಡ್ಡದು ಮತ್ತೆ ಆಗದಿರಲಿ. ಆದರೆ ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಒಂದು ಮರ ಬಿದ್ದರೂ ಆ ರಾತ್ರಿಗೆ ಗಡಿ ಮುಚ್ಚಿದ ಹಾಗೆಯೇ.

ಗಂಡನ ಮನೆ ಬಂಟ್ವಾಳ, ತವರು ಬದಿಯಡ್ಕ. ಸೀಮಂತ ಮುಗಿಸಿ ತವರಿಗೆ ಬಂದರೆ ದಾಖಲೆ ಎಲ್ಲ ಹೊಸತಾಗಿ ಮಾಡಿಸಬೇಕಾ?

ಬೇಡ. ಕರ್ನಾಟಕದ ತಾಯಿ ಕಾರ್ಡಿನಲ್ಲಿರುವ ಆರ್‌ಸಿಎಚ್ ನಂಬರು (ತಾಯಿ ಮಗುವಿನ ಆರೋಗ್ಯ ದಾಖಲೆಯ ನಂಬರು) ದೇಶಕ್ಕೆಲ್ಲ ಒಂದೇ. ಬಂದ ವಾರದಲ್ಲೇ ತವರಿನ ಆಶಾ ಕಾರ್ಯಕರ್ತೆಗೆ ಮತ್ತು ಉಪಕೇಂದ್ರದ ನರ್ಸಿಗೆ (ಕೇರಳದಲ್ಲಿ ಜೆಪಿಎಚ್‌ಎನ್ ಎನ್ನುತ್ತಾರೆ) ಕಾರ್ಡು ತೋರಿಸಿ. ಹಳೆಯ ಸ್ಕ್ಯಾನ್, ರಕ್ತದ ವರದಿ ಎಲ್ಲವನ್ನೂ ಕೈಯಲ್ಲೇ ತನ್ನಿ. "ಅಲ್ಲಿ ಫೈಲಿನಲ್ಲಿ ಉಂಟು" ಎಂದರೆ ಇಲ್ಲಿ ಉಪಯೋಗವಿಲ್ಲ. ಪ್ರಯಾಣ 34 ವಾರದ ಒಳಗೆ ಮುಗಿಯಲಿ. ಬೆಂಗಳೂರಿನಿಂದ ಬರುವವರು ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ನಡೆಯಬೇಕು, ಕೂತಲ್ಲೇ ಕೂತರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಸೀಟ್ ಬೆಲ್ಟ್ ಹಾಕಲೇಬೇಕು: ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಸಂದಿಗೆ, ಮೇಲಿನದು ಎದೆಯ ನಡುವೆ.

ಕೊನೆಯ ಮೂರು ತಿಂಗಳಲ್ಲಿ ಯಾವ ಪರೀಕ್ಷೆ ತಪ್ಪಿಸಬಾರದು?

28 ವಾರದಿಂದ ಹದಿನೈದು ದಿನಕ್ಕೊಮ್ಮೆ, 36ರಿಂದ ವಾರಕ್ಕೊಮ್ಮೆ ತೋರಿಸಬೇಕು. ಪ್ರತಿ ಸಲ ಬಿಪಿ, ತೂಕ, ಮೂತ್ರದಲ್ಲಿ ಪ್ರೊಟೀನು. ಬಿಪಿ 140/90 ಮುಟ್ಟಿದರೆ ತಲೆನೋವು ಇಲ್ಲದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಮೇಲಿದ್ದರೆ ಬಸುರಿನ ಸಕ್ಕರೆ ಕಾಯಿಲೆ. ಮೊದಲ ತಿಂಗಳುಗಳಲ್ಲಿ ಸರಿ ಇದ್ದರೂ 24ರಿಂದ 28 ವಾರದ ನಡುವೆ ಇನ್ನೊಮ್ಮೆ ಮಾಡಿಸಬೇಕು.

ತಾಯಿಯ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಚುಚ್ಚುಮದ್ದಿನ ವಿಷಯ ಎತ್ತಿ. ಮಗು ಪಾಸಿಟಿವ್ ಆಗಿ ಹುಟ್ಟಿದರೆ 72 ಗಂಟೆಯ ಒಳಗೆ ಮತ್ತೆ ಕೊಡಬೇಕು. ಈ ಬಸಿರಿಗೆ ಅಲ್ಲ, ಮುಂದಿನ ಮಗುವಿಗೆ ಅದು ಕಾವಲು. ಹೆಪಟೈಟಿಸ್ ಬಿ ಪಾಸಿಟಿವ್ ಬಂದ ತಾಯಿಯ ಮಗುವಿಗೆ ಹುಟ್ಟಿದ 12 ಗಂಟೆಯೊಳಗೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಬೇರೆ ಚುಚ್ಚುಮದ್ದೂ ಬೇಕು. ಅದು ಎಲ್ಲ ಔಷಧದಂಗಡಿಯಲ್ಲಿ ಇರುವುದಿಲ್ಲ, ಮೊದಲೇ ಕೇಳಿ ತರಿಸಿಡಿ.

ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರುವುದಿಲ್ಲ, ಯಾಕೆ?

ಹೆಚ್ಚಿನ ಸಲ ಕಾರಣ ಅಡುಗೆಮನೆಯಲ್ಲೇ ಸಿಗುತ್ತದೆ. ಊಟ ಮುಗಿಸಿ ಚಾ ಅಥವಾ ಕಾಫಿಯ ಜೊತೆ ಮಾತ್ರೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ತೆಗೆದುಕೊಂಡರೂ ಹಾಗೆಯೇ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯ ಜೊತೆ ಒಂದು, ಮಧ್ಯಾಹ್ನ ಊಟದ ಜೊತೆ ಒಂದು. ಕಬ್ಬಿಣ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಅರ್ಧ ಲಿಂಬೆ ಹಿಂಡಿದ ನೀರಿನ ಜೊತೆ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ.

ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆಯುತ್ತಾರೆ. ಒಂದು ತಿಂಗಳಲ್ಲಿ ಏರದಿದ್ದರೆ, ಅಥವಾ 34 ವಾರ ದಾಟಿದ ಮೇಲೆ ಕಡಿಮೆ ಎಂದು ಗೊತ್ತಾದರೆ, ನರಕ್ಕೆ ಕೊಡುವ ಕಬ್ಬಿಣದ ಚುಚ್ಚುಮದ್ದಿನ ಬಗ್ಗೆ ಕೇಳಿ. 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಇದ್ದು ಚಿಕಿತ್ಸೆ ಪಡೆಯಬೇಕು. ರಕ್ತ ಕಡಿಮೆ ಇರುವವರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವುದಿಲ್ಲ.

ರಕ್ತ ಕೊಡುವವರನ್ನು ಮೊದಲೇ ಹುಡುಕಬೇಕಾ?

ಹೌದು, ಅದರಲ್ಲೂ ನೆಗೆಟಿವ್ ಗುಂಪಿನವರು. ಎರಡು ಜನರ ಹೆಸರು, ಫೋನ್ ನಂಬರು, ಕೊನೆಯ ಸಲ ರಕ್ತ ಕೊಟ್ಟ ತಾರೀಕು ಬರೆದು ಕಾರ್ಡಿನ ಹಿಂದೆ ಅಂಟಿಸಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ಕೊಡಬಹುದು. ಗಂಡನ ರಕ್ತ ಹೆಂಡತಿಗೆ ಕೊಡಿಸುವುದನ್ನು ಡಾಕ್ಟರುಗಳು ಒಪ್ಪುವುದಿಲ್ಲ, ಮುಂದಿನ ಬಸಿರಿಗೆ ತೊಡಕಾಗಬಹುದು.

ಆಸ್ಪತ್ರೆಯ ಚೀಲದಲ್ಲಿ ಎಂತೆಲ್ಲ ಇರಬೇಕು?

ಕಾಗದದ ಚೀಲ ಬೇರೆ, ಬಟ್ಟೆಯ ಚೀಲ ಬೇರೆ. ಗಡಿಬಿಡಿಯಲ್ಲಿ ಬಟ್ಟೆ ಬಿಟ್ಟುಹೋದರೆ ಯಾರಾದರೂ ತರುತ್ತಾರೆ, ಕಾಗದ ಬಿಟ್ಟುಹೋದರೆ ಡಾಕ್ಟರು ಕತ್ತಲಲ್ಲಿ ಕೆಲಸ ಮಾಡಬೇಕು. ನೀರು ಹೋಗದ ಪ್ಲಾಸ್ಟಿಕ್ ಫೈಲಿನಲ್ಲಿ ತಾಯಿ ಕಾರ್ಡು, ಎಲ್ಲ ಸ್ಕ್ಯಾನ್, ರಕ್ತದ ವರದಿ, ಗಂಡ ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡು, ವಿಮೆ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಒಂದೊಂದಕ್ಕೂ ಎರಡು ಜೆರಾಕ್ಸ್. ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂದು ಫೈಲಿನ ಮೇಲೆಯೇ ದೊಡ್ಡದಾಗಿ ಬರೆಯಿರಿ.

ತಾಯಿಗೆ ಮುಂದೆ ತೆರೆಯುವ ನೈಟಿ ಮೂರು, ಬೈರಾಸು ಎರಡು, ದೊಡ್ಡ ಗಾತ್ರದ ಪ್ಯಾಡು ಎರಡು ಪ್ಯಾಕೆಟ್, ಸಡಿಲ ಒಳಚಡ್ಡಿ ಆರು, ಜಾರದ ಚಪ್ಪಲಿ, ಮುಚ್ಚಳ ಇರುವ ಸ್ಟೀಲ್ ಲೋಟ, ಫ್ಲಾಸ್ಕ್, ಹೊದೆಯಲು ಒಂದು, ಹಾಸಲು ಒಂದು. ಮಗುವಿಗೆ ಬಟ್ಟೆ ತುಂಡು ಹನ್ನೆರಡು, ಕಟ್ಟುವ ಜಬಲ ಮೂರು, ಕುಲಾವಿ ಎರಡು, ಕಾಲುಚೀಲ, ಸುತ್ತಲು ದಪ್ಪ ಹತ್ತಿ ಬಟ್ಟೆ ಎರಡು. ಹಾಲಿನ ಪುಡಿ, ಬಾಟಲಿ, ಗ್ರೈಪ್ ವಾಟರ್, ಪೌಡರ್ ಇವು ಯಾವುದೂ ಬೇಡ.

ಸೀಮಂತದ ಹಸಿರು ಬಳೆಗಳ ವಿಷಯ ಒಂದು ಇದೆ. ಕೊನೆಯ ತಿಂಗಳಲ್ಲಿ ಕೈ ಬಾತು ಬಳೆ ಮಣಿಕಟ್ಟಿನಲ್ಲಿ ಬಿಗಿಯಾಗುತ್ತದೆ, ಆಪರೇಷನ್ ಕೋಣೆಯಲ್ಲಿ ಅದನ್ನು ಒಡೆದೇ ತೆಗೆಯಬೇಕಾದೀತು. ನೋವು ಬರುವ ಮೊದಲೇ ಮನೆಯಲ್ಲಿ ಸೋಪಿನ ನೀರು ಹಚ್ಚಿ ನಿಧಾನಕ್ಕೆ ತೆಗೆದು ದೇವರ ಮುಂದೆ ಇಡಿ. ಉಂಗುರಕ್ಕೂ ಇದೇ ಮಾತು. ಉಗುರಿನ ಬಣ್ಣವನ್ನೂ ಒರೆಸಿ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಕ್ಲಿಪ್ಪು ಸರಿಯಾಗಿ ಓದಬೇಕಲ್ಲ.

ಜೊತೆಗೆ ನಿಲ್ಲುವವರನ್ನೂ (ಇಲ್ಲಿನ ಆಸ್ಪತ್ರೆಗಳಲ್ಲಿ ಬೈಸ್ಟಾಂಡರ್ ಎಂದೇ ಕರೆಯುತ್ತಾರೆ) ಈಗಲೇ ಗೊತ್ತು ಮಾಡಿ. ಹೆರಿಗೆ ವಾರ್ಡಿನಲ್ಲಿ ಹೆಂಗಸರನ್ನಷ್ಟೇ ಬಿಡುವ ಆಸ್ಪತ್ರೆಗಳಿವೆ. ಅಮ್ಮನೋ ಅತ್ತೆಯೋ ಅಕ್ಕನೋ, ರಾತ್ರಿ ಎಚ್ಚರ ಇರಬಲ್ಲವರು, ಮಲಯಾಳ ಬಂದರೆ ಇನ್ನೂ ಒಳ್ಳೆಯದು.

ಹೆರಿಗೆ ಆಟಿ ತಿಂಗಳಲ್ಲಿ ಬರುತ್ತದೆ. ಮಳೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಎಷ್ಟು ತುಂಡು ಬೇಕು?

ಲೆಕ್ಕ ಹಾಕಿ ನೋಡಿ. ಹುಟ್ಟಿದ ವಾರ ಕಳೆದ ಮೇಲೆ ಮಗು ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಒದ್ದೆ ಮಾಡುತ್ತದೆ. ಆಟಿಯ ಜಡಿಮಳೆಯಲ್ಲಿ ಒಂದು ಬಟ್ಟೆ ಪೂರ್ತಿ ಒಣಗಲಿಕ್ಕೆ ಮೂರು ದಿನ ಹಿಡಿಯಬಹುದು. ಅಂದರೆ 36 ತುಂಡು. ನಾಲ್ಕು ಮೊಳದ ಪಂಚೆಯನ್ನು ಉದ್ದಕ್ಕೆ ಮೂರು, ಅಗಲಕ್ಕೆ ಎರಡು ಮಾಡಿ ಹರಿದರೆ ಸುಮಾರು 60 ಸೆಂಟಿಮೀಟರಿನ ಆರು ಚೌಕ ಸಿಗುತ್ತದೆ. ಆರು ಹಳೆ ಪಂಚೆ ಸಾಕು. ಕತ್ತರಿಸಿದ ಅಂಚು ಹಾಗೇ ಬಿಟ್ಟರೆ ನೂಲು ಬಿಚ್ಚಿ ಮಗುವಿನ ಬೆರಳಿಗೆ ಸುತ್ತಿಕೊಂಡೀತು, ಅಂಚನ್ನು ಒಂದು ಹೊಲಿಗೆ ಮಡಚಿಸಿ.

ಪೆಟ್ಟಿಗೆಯಿಂದ ತೆಗೆದ ಪಂಚೆಯಲ್ಲಿ ನುಸಿಗುಳಿಗೆ, ಅಂದರೆ ಬಿಳಿ ನ್ಯಾಫ್ತಲೀನ್ ಗುಂಡು, ಇತ್ತೋ ನೋಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ಅಂಥವರಿಗೆ ಆ ಗುಂಡಿನ ಆವಿಯೇ ರಕ್ತಕಣ ಒಡೆಸಿ ಕಾಮಾಲೆ ಏರಿಸಬಲ್ಲದು. ಮಗುವಿಗೆ ಕೊರತೆ ಇದೆಯೋ ಎಂದು ಹೊರಗಿಂದ ಕಾಣುವುದಿಲ್ಲ. ಹಾಗಾಗಿ ಆ ಗುಂಡನ್ನು ಮಗುವಿನ ಬಟ್ಟೆಯ ಕಪಾಟಿನಿಂದಲೇ ತೆಗೆದುಬಿಡಿ. ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ, ಬೇಸಿಗೆಯ ಬಿಸಿಲು ಇರುವಾಗಲೇ ಎರಡು ದಿನ ಒಣಗಿಸಿಡಿ.

ಮಳೆ ಹಿಡಿದ ಮೇಲೆ ಬಚ್ಚಲಿನ ಒಲೆಯ ಮೇಲೆ ಬಟ್ಟೆ ಒಣಗಿಸುವ ಪದ್ಧತಿ ನಮ್ಮಲ್ಲಿ ಉಂಟು. ಹೊಗೆ ಹಿಡಿದ ಬಟ್ಟೆ ಎಳೆ ಮೂಗಿಗೆ ಆಗುವುದಿಲ್ಲ. ಒಳಕೋಣೆಯಲ್ಲಿ ಹಗ್ಗ ಕಟ್ಟಿ ಫ್ಯಾನು ಹಾಕಿ, ಕೊನೆಗೆ ಇಸ್ತ್ರಿ ತಿಕ್ಕಿ. ತಣಸು ಉಳಿದ ಬಟ್ಟೆಯಿಂದಲೇ ತೊಡೆಸಂದಿಯಲ್ಲಿ ಬೊಕ್ಕೆ ಏಳುವುದು.

ಮನೆಯಲ್ಲಿ ಏನು ಸರಿ ಮಾಡಿಕೊಳ್ಳಬೇಕು?

ಬಚ್ಚಲಿಗೆ ಹೋಗುವ ದಾರಿ ಮತ್ತು ಅಂಗಳದ ಹಾವಸೆ ಮೊದಲು. ತುಂಬಿದ ಹೊಟ್ಟೆಯಲ್ಲಿ ಕಾಲ ಬುಡ ಕಾಣುವುದಿಲ್ಲ, ಮೈಯ ತೂಕ ಮುಂದಕ್ಕೆ ವಾಲಿರುತ್ತದೆ. ತಿಕ್ಕಿ ತೊಳೆದು, ಅಡಿಕೆ ಮರದ ಸಲಕೆ ಹಾಸಿ, ಹಿಡಿದುಕೊಳ್ಳಲಿಕ್ಕೆ ಒಂದು ಹಗ್ಗ ಕಟ್ಟಿ. ತೆಂಗಿನ ಗೆರಟೆ, ಟಯರು, ರಬ್ಬರು ತೋಟದ ಚಿಪ್ಪು ಎಲ್ಲ ಕವುಚಿ ಹಾಕಿ, ಡೆಂಗಿ ಸೊಳ್ಳೆ ನಿಂತ ಒಳ್ಳೆ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಬಸುರಿಗೆ ಜ್ವರ ಬಂದರೆ ಡೆಂಗಿ ಅಥವಾ ಇಲಿಜ್ವರ ಇರಬಹುದು, ಕಷಾಯ ಕುಡಿಸಿ ಎರಡು ದಿನ ಕಾಯುವುದು ಬೇಡ.

ಮಗು ಮಲಗುವುದು ಗಟ್ಟಿ ಹಾಸಿಗೆಯ ಮೇಲೆ, ಅಂಗಾತ, ದಿಂಬಿಲ್ಲದೆ. ಸೀರೆಯ ಜೋಳಿಗೆ ತೊಟ್ಟಿಲಿನಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಮುಚ್ಚಬಹುದು. ತೂಗುವುದಾದರೆ ಯಾರಾದರೂ ಕಣ್ಣೆದುರು ಇರಬೇಕು, ರಾತ್ರಿಯ ನಿದ್ದೆಗೆ ಅದು ಬೇಡ.

ಸುಳ್ಳು ನೋವು, ನಿಜ ನೋವು: ಹೇಗೆ ತಿಳಿಯುವುದು?

ಗಡಿಯಾರ ಹಿಡಿದು ಕೂತರೆ ತಿಳಿಯುತ್ತದೆ. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನ ನೋವು ಶುರುವಾಗುವವರೆಗೆ ಎಷ್ಟು ನಿಮಿಷ ಎಂದು ಬರೆಯಿರಿ. ಮುಗಿದಲ್ಲಿಂದ ಲೆಕ್ಕ ಹಿಡಿದರೆ ತಪ್ಪಾಗುತ್ತದೆ. ಪ್ರತಿ ನೋವು ಎಷ್ಟು ಸೆಕೆಂಡು ಇತ್ತು ಎಂದೂ ಬರೆಯಿರಿ. ಸುಳ್ಳು ನೋವು ಒಮ್ಮೆ ಏಳು ನಿಮಿಷಕ್ಕೆ, ಒಮ್ಮೆ ಇಪ್ಪತ್ತಕ್ಕೆ ಬರುತ್ತದೆ. ಎದ್ದು ನಡೆದರೆ, ಎರಡು ಲೋಟ ನೀರು ಕುಡಿದರೆ, ಬಿಸಿನೀರು ಮಿಂದರೆ ಅಡಗುತ್ತದೆ. ನಿಜ ನೋವು ನಡೆದರೂ ಬಿಡುವುದಿಲ್ಲ. ಸೊಂಟದ ಹಿಂದಿನಿಂದ ಸುತ್ತಿ ಮುಂದಕ್ಕೆ ಬರುತ್ತದೆ, ಅಂತರ ಕಿರಿದಾಗುತ್ತ ಹೋಗುತ್ತದೆ, ಹೊಟ್ಟೆ ತೆಂಗಿನಕಾಯಿಯಷ್ಟು ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ.

ಚೊಚ್ಚಲ ಹೆರಿಗೆಗೆ ಐದು ನಿಮಿಷಕ್ಕೊಂದು ನೋವು, ಒಂದೊಂದು ನಿಮಿಷ ಇರುವಂಥದ್ದು, ಒಂದು ಗಂಟೆ ಬಿಡದೆ ಬಂದರೆ ಹೊರಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಆಸ್ಪತ್ರೆಯ ಪಕ್ಕದ ಮನೆಯವರ ಲೆಕ್ಕ. ಆಸ್ಪತ್ರೆಗೆ ಒಂದು ಗಂಟೆಯ ದಾರಿ ಇದ್ದರೆ ಹತ್ತು ನಿಮಿಷಕ್ಕೊಂದು ಕ್ರಮವಾಗಿ ಬರುವಾಗಲೇ ಗಾಡಿ ಹತ್ತಿ. ಎರಡನೆಯ, ಮೂರನೆಯ ಹೆರಿಗೆಯಾದರೆ ಕ್ರಮ ಕಾಣಿಸಿದ ಕೂಡಲೇ. "ಇನ್ನೂ ಹೊತ್ತಿದೆ" ಎಂದು ಕಾಯುವವರು ಹೆಚ್ಚಾಗಿ ಎರಡನೆಯ ಹೆರಿಗೆಯವರೇ, ದಾರಿಯಲ್ಲಿ ಹೆರಿಗೆಯಾಗುವುದೂ ಅವರಿಗೇ ಹೆಚ್ಚು.

ನೋವೇ ಇಲ್ಲದೆ ಓಡಬೇಕಾದ ಸಂದರ್ಭ ಯಾವುದು?

ರಕ್ತ ಹೋದರೆ. ಲೋಳೆಯಲ್ಲಿ ಸ್ವಲ್ಪ ರಕ್ತದ ಎಳೆ ಕಂಡರೆ ಅದು ಗರ್ಭಕೋಶದ ಬಾಯಿ ಸಡಿಲವಾಗುವ ಲಕ್ಷಣ. ಮುಟ್ಟಿನ ಹಾಗೆ ಹರಿದರೆ ಆ ಕ್ಷಣವೇ ಹೊರಡಿ.

ನೀರು ಹೋದರೆ, ನೋವಿಲ್ಲದಿದ್ದರೂ. ಬಿಳಿ ಬಟ್ಟೆ ಇಟ್ಟು ಬಣ್ಣ ನೋಡಿ, ಹೊತ್ತು ಬರೆಯಿರಿ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ತಡ ಮಾಡಬೇಡಿ. ನೀರಿನ ಜೊತೆ ಹೊಕ್ಕುಳ ಬಳ್ಳಿ ಹೊರಗೆ ಕಂಡರೆ ತಾಯಿ ಮೊಣಕಾಲೂರಿ ಎದೆ ಕೆಳಗೆ, ಸೊಂಟ ಮೇಲೆ ಮಾಡಿ ಇರಬೇಕು. ಬಳ್ಳಿಯನ್ನು ಒಳಗೆ ತಳ್ಳಬೇಡಿ.

ತಲೆ ಸಿಡಿಯುವ ನೋವು, ಕಣ್ಣು ಮಂಜು, ಎದೆಗುಳಿಯ ಕೆಳಗೆ ನೋವು, ಮುಖ ಒಮ್ಮೆಲೇ ಬಾತರೆ ಅದು ಬಿಪಿ. ಇದನ್ನು ಗ್ಯಾಸ್ ಎಂದು ಓಮದ ನೀರು ಕುಡಿಸಿ ಮಲಗಿಸಿದರೆ ಅಪಸ್ಮಾರ ಬಂದು ತಾಯಿಯ ಜೀವಕ್ಕೇ ಅಪಾಯ.

ಮಗುವಿನ ಅಲುಗಾಟ ಕಡಿಮೆಯಾದರೆ. ಊಟವಾದ ಮೇಲೆ ಎಡ ಮಗ್ಗುಲಾಗಿ ಮಲಗಿ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಸಲ ಅಲುಗಬೇಕು. ಕಡಿಮೆ ಇದ್ದರೆ ಅದೇ ದಿನ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ. "ಕೊನೆಗೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ" ಎನ್ನುವ ಮಾತು ತಪ್ಪು. ಒದೆತದ ರೀತಿ ಬದಲಾದೀತು, ಲೆಕ್ಕ ಇಳಿಯುವುದಿಲ್ಲ.

108ಕ್ಕೆ ಫೋನ್ ಮಾಡಿದರೆ ಮಲಯಾಳದಲ್ಲಿ ಮಾತಾಡ್ತಾರೆ. ನಮಗೆ ಬರುವುದಿಲ್ಲ.

ಗಾಬರಿಯಲ್ಲಿ ಹೊಸ ಭಾಷೆ ಬಾಯಿಗೆ ಬರುವುದಿಲ್ಲ. ಹಾಗಾಗಿ ಈಗಲೇ ನಾಲ್ಕು ವಾಕ್ಯ ಕನ್ನಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಗೋಡೆಗೆ ಅಂಟಿಸಿ. ಹೆರಿಗೆ ನೋವಿಗೆ "ಪ್ರಸವ ವೇದನ ತುಡಙ್ಙಿ." ನೀರು ಹೋದದ್ದಕ್ಕೆ "ವೆಳ್ಳಂ ಪೋಯಿ." ರಕ್ತಕ್ಕೆ "ಬ್ಲೀಡಿಂಗ್ ಉಂಡ್." ಮಗು ಅಲುಗದಿದ್ದರೆ "ಕುಞ್ಞಿಂಡೆ ಅನಕ್ಕಂ ಕುರವಾಣ್." ಅದರ ಕೆಳಗೆ ಮನೆ ಹೆಸರು, ಪಂಚಾಯತು, ಹತ್ತಿರದ ಶಾಲೆಯೋ ದೇವಸ್ಥಾನವೋ ಮಸೀದಿಯೋ.

ಗಡಿ ಬದಿಯ ಮನೆಗಳಲ್ಲಿ ಫೋನು ಆಚೆ ರಾಜ್ಯದ ಟವರು ಹಿಡಿದರೆ ಕರೆಯೂ ಆಚೆಗೆ ಹೋಗಬಹುದು. ಮೊದಲ ಮಾತೇ "ಕೇರಳ, ಕಾಸರಗೋಡು ಜಿಲ್ಲೆ" ಎಂದಿರಲಿ. 108 ಒಂದನ್ನೇ ನಂಬಬೇಡಿ: ರಾತ್ರಿ ಕರೆದರೆ ಬರುವ ಎರಡು ಜೀಪು ಅಥವಾ ಕಾರಿನವರನ್ನು ಮಾತಾಡಿಸಿಡಿ. ತೋಟದ ನಡುವಿನ ಮನೆಗೆ ಗಾಡಿ ಎಲ್ಲಿವರೆಗೆ ಬರುತ್ತದೆ, ಅಲ್ಲಿಂದ ಕುರ್ಚಿಯಲ್ಲಿ ಹೊರುವವರು ಯಾರು, ಟಾರ್ಚು ಎಲ್ಲಿದೆ, ಇವೂ ಇದರಲ್ಲೇ ಸೇರಿದವು.

ದಾರಿಯಲ್ಲೇ ಮಗು ಬಂದರೆ?

ಗಾಡಿ ಬದಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ, ಫೋನ್ ಇಡದೆ ಅವರು ಹೇಳಿದ ಹಾಗೆ ಮಾಡಿ. ತಾಯಿಯ ಕಾಲು ಒತ್ತಿ ಹಿಡಿದು ತಡೆಯಬಾರದು. ತಲೆ ಬರುವಾಗ ಎಳೆಯದೆ ಅಂಗೈಯಲ್ಲಿ ಆನಿಸಿಕೊಳ್ಳಿ. ಬಳ್ಳಿ ಕುತ್ತಿಗೆಗೆ ಸಡಿಲವಾಗಿ ಸುತ್ತಿದ್ದರೆ ತಲೆಯ ಮೇಲಿಂದ ಬಿಡಿಸಿ. ಮಗು ಬಂದ ಕೂಡಲೇ ಒಣ ಬೈರಾಸಿನಲ್ಲಿ ಬೆನ್ನು, ತಲೆ ಚೆನ್ನಾಗಿ ಒರೆಸಿ. ಆ ತಿಕ್ಕುವಿಕೆಗೇ ಹೆಚ್ಚಿನ ಮಕ್ಕಳು ಅಳುತ್ತವೆ. ಒದ್ದೆ ಬಟ್ಟೆ ಎಸೆದು, ಬರಿಮೈ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಕವುಚಿ, ಮುಖ ಒಂದು ಬದಿಗಿರುವ ಹಾಗೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ. ಬಳ್ಳಿ ಕತ್ತರಿಸುವುದು ಬೇಡ, ಎಳೆಯುವುದಂತೂ ಬೇಡವೇ ಬೇಡ. ಮಾಸು ತಾನಾಗಿ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಗುವಿನ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ, ಪೂರ್ತಿ ಬಂದಿದೆಯೋ ಎಂದು ಅವರು ನೋಡಬೇಕು. ಇದಕ್ಕಾಗಿಯೇ 36ನೇ ವಾರದಿಂದ ಗಾಡಿಯಲ್ಲಿ ಎರಡು ಒಗೆದ ಬೈರಾಸು, ಒಂದು ಪ್ಲಾಸ್ಟಿಕ್ ಹಾಳೆ ಇಟ್ಟಿರಿ.

ಏಳು ತಿಂಗಳ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಅಂತಾರೆ?

ಸುಳ್ಳು. ಒಳಗೆ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಬಲ. 34 ವಾರಕ್ಕೆ ಮೊದಲು ನೋವು ಬಂದರೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟು ಮಗುವಿನ ಶ್ವಾಸಕೋಶ ಬಲಿಯುವಂತೆ ಮಾಡುತ್ತಾರೆ. ಹೆರಿಗೆಗೆ ಒಂದು ದಿನ ಮೊದಲೇ ಕೊಟ್ಟಿದ್ದರೆ ಪೂರ್ತಿ ಗುಣ. ಆದ್ದರಿಂದ ಎಂಟನೇ ತಿಂಗಳ ನೋವನ್ನು ಮನೆಯಲ್ಲಿ ಅಳೆಯುತ್ತ ಕೂರಬೇಡಿ.

ಹುಟ್ಟಿದ ಕೂಡಲೇ ಜೇನು ನೆಕ್ಕಿಸುವುದು, ಬಜೆ ತೇಯುವುದು, ಹೊಕ್ಕುಳಿಗೆ ಎಣ್ಣೆ?

ಜೇನು ಒಂದು ವರ್ಷದವರೆಗೆ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆ ಕರುಳಿನಲ್ಲಿ ಮೊಳೆತು ಮಗುವಿನ ಸ್ನಾಯುಗಳನ್ನೇ ಸೋಲಿಸುತ್ತದೆ. ಬಜೆ ತೇದು ಕುಡಿಸುವುದೂ ಬೇಡ. ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಡಿ, ಬಟ್ಟೆ ಅದರ ಕೆಳಗೆ ಕಟ್ಟಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬಿದ್ದುಹೋಗುತ್ತದೆ. ಕಣ್ಣಿಗೆ ಕಾಡಿಗೆ ಬೇಡ, ಸೀಸ ಇರಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ.

ಮೊದಲ ಸ್ನಾನ ಒಂದು ದಿನ ಕಳೆದ ಮೇಲೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಮೊದಲ ಮೂರು ದಿನ ಬರುವ ಹಳದಿ ಹಾಲು ಚಮಚದಷ್ಟೇ ಇರುತ್ತದೆ, ಮಗುವಿನ ಹೊಟ್ಟೆಯೂ ಅಷ್ಟೇ ಇದೆ. ಅದನ್ನು ಕಂಡು "ಹಾಲಿಲ್ಲ" ಎಂದು ಪುಡಿ ತರಲು ಓಡುವುದರಿಂದಲೇ ನಿಜಕ್ಕೂ ಹಾಲು ಕಡಿಮೆಯಾಗುತ್ತದೆ, ಮಗು ಚೀಪಿದಷ್ಟು ಹಾಲು ಊರುವುದು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸಿ. ಆರನೇ ದಿನದ ಹೊತ್ತಿಗೆ ದಿನಕ್ಕೆ ಆರು ಬಟ್ಟೆಯಾದರೂ ಮೂತ್ರದಲ್ಲಿ ಒದ್ದೆಯಾದರೆ ಹಾಲು ಸಾಕಾಗುತ್ತಿದೆ.

ಹುಟ್ಟಿದ 24 ಗಂಟೆಯೊಳಗೆ ಮಗು ಹಳದಿಯಾದರೆ, ಅಥವಾ ಅಂಗೈ ಅಂಗಾಲಿಗೂ ಹಳದಿ ಇಳಿದರೆ ಬಿಸಿಲಿಗೆ ಹಿಡಿಯುವುದರಲ್ಲಿ ಮುಗಿಯುವುದಿಲ್ಲ, ಆಸ್ಪತ್ರೆಗೆ ಹೋಗಬೇಕು.

ಬಾಣಂತಿಗೆ ನೀರು ಕೊಡಬಾರದು, ಕೋಣೆ ಮುಚ್ಚಿ ಕೆಂಡ ಇಡಬೇಕು ಎನ್ನುವುದು ಸರಿಯಾ?

ಎರಡೂ ಸರಿಯಲ್ಲ. ನೀರು ಕಡಿಮೆಯಾದರೆ ಮೂತ್ರದ ಉರಿ, ಮಲಬದ್ಧತೆ. ಬಾಯಾರಿದಾಗಲೆಲ್ಲ ಕುಡಿಯಲಿ, ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟ ಇರಲಿ. ಜೀರಿಗೆ ನೀರಾದರೂ ಆದೀತು. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಹೋಗಬಹುದು. ಮೆಂತೆ ಗಂಜಿ, ಬೆಳ್ಳುಳ್ಳಿ ಸಾರು, ಎಣ್ಣೆ ಸ್ನಾನ ಇವೆಲ್ಲ ಇರಲಿ, ಅಮ್ಮಂದಿರ ಕೈಯ ಆರೈಕೆಗೆ ಸಮ ಇನ್ನೊಂದಿಲ್ಲ. ಸಿಸೇರಿಯನ್ ಗಾಯದ ಮೇಲೆ ಮಾತ್ರ ಹಂಡೆಯ ಸುಡುನೀರು ಹೊಯ್ಯಬೇಡಿ. ನಂಜು ಎಂದು ತರಕಾರಿ, ಮೀನು, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿ ಬರೀ ಅನ್ನ ತುಪ್ಪ ಕೊಟ್ಟರೆ ಕಳೆದುಕೊಂಡ ರಕ್ತ ತುಂಬುವುದು ಎಲ್ಲಿಂದ?

ಸರ್ಕಾರದಿಂದ ಏನು ಸಿಗುತ್ತದೆ?

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಉಚಿತ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದು. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಅರ್ಜಿಗೆ ಅಂಗನವಾಡಿಯಲ್ಲಿ ಕೇಳಿ. ಆಧಾರಿಗೆ ಜೋಡಿಸಿದ ಖಾತೆ ತಾಯಿಯ ಹೆಸರಿನಲ್ಲೇ ಇರಬೇಕು.

ಮಗು ಮಂಗಳೂರಿನಲ್ಲಿ ಹುಟ್ಟಿದರೆ ಜನನ ಪತ್ರ ಎಲ್ಲಿ ಸಿಗುತ್ತದೆ?

ಹುಟ್ಟಿದ ಊರಿನಲ್ಲಿ. ಮನೆ ಕುಂಬಳೆಯಲ್ಲಿದ್ದರೂ ಹೆರಿಗೆ ಮಂಗಳೂರಿನಲ್ಲಾದರೆ ನೋಂದಣಿ ಕರ್ನಾಟಕದ ಇ-ಜನ್ಮ ಎಂಬ ಜನನ ಮರಣ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ. ಕಾಸರಗೋಡಿನಲ್ಲಾದರೆ ಕೇರಳದ ಸ್ಥಳೀಯ ಸಂಸ್ಥೆಯಲ್ಲಿ. 21 ದಿನದೊಳಗೆ ಶುಲ್ಕವಿಲ್ಲ. ಆಸ್ಪತ್ರೆಯೇ ವರದಿ ಕಳಿಸುತ್ತದೆ, ಆದರೆ ಅಲ್ಲಿ ಬರೆದದ್ದನ್ನು ಓದಿ ನೋಡುವ ಕೆಲಸ ನಿಮ್ಮದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಇದೊಂದೇ.

ತಪ್ಪು ಆಗುವುದು ತಂದೆ ತಾಯಿಯ ಹೆಸರಿನಲ್ಲಿ. ಮಲಯಾಳದವರು ಕೇಳಿದ ಹಾಗೆ ಬರೆದಾಗ ನಮ್ಮ ಭಟ್ಟರು ಒಂದು 'ಟಿ'ಯೋ ಎರಡು 'ಟಿ'ಯೋ ಎಂದು ಆಧಾರಿಗೆ ತಾಳೆಯಾಗುವುದಿಲ್ಲ. ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ ಆಗುತ್ತದೆ. ಇನಿಷಿಯಲ್ ಬಿಡಿಸಿ ಬರೆಯದೆ ಉಳಿಯುತ್ತದೆ. ಹೆರಿಗೆಗೆ ಮೊದಲೇ ಒಂದು ಚೀಟಿಯಲ್ಲಿ ಇಬ್ಬರ ಪೂರ್ತಿ ಹೆಸರು, ಮನೆ ಹೆಸರು, ಅಂಚೆ, ಪಿನ್‌ಕೋಡ್ ಎಲ್ಲ ಆಧಾರಿನಲ್ಲಿದ್ದ ಹಾಗೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು ಫೈಲಿಗೆ ಸೇರಿಸಿ. ಫಾರಂ ತುಂಬುವವರಿಗೆ ಬಾಯಲ್ಲಿ ಹೇಳಬೇಡಿ, ಆ ಚೀಟಿ ಕೊಡಿ. ಮಗುವಿನ ಹೆಸರು ಆಗಲೇ ನಿಶ್ಚಯವಾಗಬೇಕಾಗಿಲ್ಲ. ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕವಿಲ್ಲ, ತೊಟ್ಟಿಲ ಶಾಸ್ತ್ರ ಮುಗಿಸಿಯೇ ಹೋಗಬಹುದು.